ಕೊಳ್ಳದವನ ಮಾತು ಯಾರಿಗೆ ಕೇಳಿಸುತ್ತದೆ?

ಮೈಸೂರಿನಲ್ಲಿ ನಾನು ಆಗಾಗ ಹೋಗುವ ಒಂದು ಪುಟ್ಟ ಗೇಮ್ ಅಂಗಡಿಯಿದೆ. ಅಲ್ಲಿ ಹೊಸ ಡಿಸ್ಕ್‌ಗಳಿಗಿಂತ ಹಳೆಯವೇ ಹೆಚ್ಚು. ಹುಡುಗರು ಆಡಿ ಮುಗಿಸಿದ ಡಿಸ್ಕ್ ತಂದು ಕೊಡುತ್ತಾರೆ. ಅಂಗಡಿಯವರು ಅದನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು, ಅತ್ತಿತ್ತ ವಾಲಿಸಿ, ಗೀರು ಬಿದ್ದಿದೆಯೇ ನೋಡುತ್ತಾರೆ. ಮೇಲೊಂದಿಷ್ಟು ದುಡ್ಡು ಇಸಿದುಕೊಂಡು ಬೇರೆ ಡಿಸ್ಕ್ ಕೊಡುತ್ತಾರೆ. ದೊಡ್ಡ ಹೊಸ ಗೇಮೊಂದಕ್ಕೆ ಸುಮಾರು ಐದು ಸಾವಿರ ರೂಪಾಯಿ ಇರುವಾಗ ಮೂವರು ಗೆಳೆಯರು ಸೇರಿ ಒಂದು ಡಿಸ್ಕ್ ಕೊಂಡು, ಸರದಿಯ ಮೇಲೆ ಆಡಿ, ಕೊನೆಗೆ ಇಂಥ ಅಂಗಡಿಯಲ್ಲಿ ಬದಲಾಯಿಸಿಕೊಳ್ಳುತ್ತಾರೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇದೆ. ಯಾರಿಗೆ ಯಾವ ಗೇಮ್ ಬೇಕು ಎಂಬುದನ್ನು ಹೆಸರು, ಫೋನ್ ನಂಬರ್ ಸಮೇತ ಅದರಲ್ಲಿ ಬರೆದಿಟ್ಟುಕೊಳ್ಳುತ್ತಾರೆ.

ಕಳೆದ ತಿಂಗಳು ಅಲ್ಲಿದ್ದಾಗ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಹೊಸ ಗೇಮೊಂದರ ಡಬ್ಬಿ ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಮತ್ತೆ ಶೆಲ್ಫಿನಲ್ಲಿಟ್ಟ. “ಇದನ್ನ ತಗೊಳ್ಳಲ್ಲ ಅಣ್ಣ. ಐದು ಸಾವಿರ ಕೊಟ್ಟ ಮೇಲೂ ಒಳಗೆ ಮತ್ತೆ ದುಡ್ಡು ಕೇಳ್ತಾರೆ” ಎಂದ. ಆಮೇಲೆ ನನ್ನ ಕಡೆ ತಿರುಗಿ, “ಸರ್, ನಾನೊಬ್ಬ ತಗೊಳ್ಳದೇ ಇದ್ರೆ ಆ ಕಂಪನಿಗೆ ಗೊತ್ತಾದ್ರೂ ಆಗುತ್ತಾ?” ಎಂದು ಕೇಳಿದ.

ಗೇಮುಗಳ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ಬರುವ ಪ್ರಶ್ನೆಯೂ ಇದೇ. ಕೊಳ್ಳುವವರು ಮನಸ್ಸು ಮಾಡಿದರೆ ಗೇಮ್ ಕಂಪನಿಗಳ ನಡವಳಿಕೆ ಬದಲಾಗುತ್ತದೆಯೇ, ಅಥವಾ ಅದೆಲ್ಲ ನಮ್ಮ ಸಮಾಧಾನಕ್ಕೆ ನಾವು ಹೇಳಿಕೊಳ್ಳುವ ಮಾತೇ? ಬದಲಾಗುತ್ತದೆ ಎಂದೇ ನಾನು ನಂಬಿದ್ದೇನೆ. ಆದರೆ ಯಾವಾಗ ಬದಲಾಗುತ್ತದೆ, ಯಾವಾಗ ಇಲ್ಲ ಎಂಬುದನ್ನು ಬಿಡಿಸಿ ನೋಡದೆ ಸುಮ್ಮನೆ “ಕೊಳ್ಳಬೇಡಿ, ಪಾಠ ಕಲೀತಾರೆ” ಎಂದುಬಿಟ್ಟರೆ ಆ ಹುಡುಗನಿಗೆ ಅನ್ಯಾಯ ಮಾಡಿದಂತೆ.

ಮೊದಲು ಆ ಅಂಗಡಿಯ ಕತೆಯನ್ನೇ ತೆಗೆದುಕೊಳ್ಳೋಣ. 2013ರಲ್ಲಿ ಅಂಥ ಅಂಗಡಿಗಳ ಬುಡಕ್ಕೇ ಪೆಟ್ಟು ಬೀಳುವುದರಲ್ಲಿತ್ತು. ಆ ವರ್ಷದ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ಕನ್ಸೋಲನ್ನು ಪರಿಚಯಿಸಿತು. ಅದಕ್ಕೆ ಹಾಕಿಕೊಂಡಿದ್ದ ನಿಯಮಗಳು ಬಿಗಿಯಾಗಿದ್ದವು: 24 ಗಂಟೆಗೊಮ್ಮೆ ಕನ್ಸೋಲ್ ಇಂಟರ್ನೆಟ್ಟಿಗೆ ಸೇರಿ ಹಾಜರಿ ಹಾಕಬೇಕು, ಹಳೆಯ ಡಿಸ್ಕನ್ನು ಮಾರಲು ಬಿಡಬೇಕೋ ಬೇಡವೋ ಎಂಬುದನ್ನು ಗೇಮಿನ ಪಬ್ಲಿಷರ್ ತೀರ್ಮಾನಿಸಬಹುದು. ಡಿಸ್ಕ್ ನಮ್ಮ ಕೈಯಲ್ಲಿದ್ದರೂ ಅದರ ಮೇಲಿನ ಹಕ್ಕು ನಮ್ಮದಾಗಿರುತ್ತಿರಲಿಲ್ಲ. ಜನ ಸಿಟ್ಟಾದರು. ಜೂನ್ 10ರಂದು ಲಾಸ್ ಏಂಜಲೀಸ್‌ನ ಇ3 ಮೇಳದಲ್ಲಿ ಸೋನಿ ವೇದಿಕೆ ಹತ್ತಿ, ತನ್ನ ಪ್ಲೇಸ್ಟೇಷನ್ 4ರಲ್ಲಿ ಹಳೆಯ ಡಿಸ್ಕ್ ಮಾರಲು, ಗೆಳೆಯರಿಗೆ ಕೊಡಲು ಯಾವ ಅಡ್ಡಿಯೂ ಇಲ್ಲ ಎಂದಿತು. ಬೆಲೆ 399 ಡಾಲರ್ ಎಂದೂ ಸೇರಿಸಿತು. ಎಕ್ಸ್‌ಬಾಕ್ಸ್‌ಗೆ ಅದಕ್ಕಿಂತ ನೂರು ಡಾಲರ್ ಜಾಸ್ತಿ. ಒಂಬತ್ತೇ ದಿನಕ್ಕೆ, ಜೂನ್ 19ರಂದು, ಮೈಕ್ರೋಸಾಫ್ಟ್ ಆ ಎರಡೂ ನಿಯಮಗಳನ್ನು ಹಿಂತೆಗೆದುಕೊಂಡಿತು.

ಈ ಗೆಲುವಿನಲ್ಲಿ ಮೂರು ಸಂಗತಿಗಳು ಕೂಡಿಬಂದವು. ಕನ್ಸೋಲ್ ಮಾರಾಟಕ್ಕೆ ಬರಲು ಇನ್ನೂ ಐದು ತಿಂಗಳಿತ್ತು. ಅಂದರೆ ದುಡ್ಡು ಇನ್ನೂ ಜನರ ಕೈಯಲ್ಲೇ ಇತ್ತು. ಎದುರಿಗೇ ಮತ್ತೊಂದು ಅಂಗಡಿ ಬಾಗಿಲು ತೆರೆದು ಕೂತಿತ್ತು. ಜೊತೆಗೆ ಜನರಿಗೆ ಏನು ಬೇಡ ಎಂಬುದರಲ್ಲಿ ಕಿಂಚಿತ್ತೂ ಗೊಂದಲವಿರಲಿಲ್ಲ. ಈ ಮೂರರಲ್ಲಿ ಯಾವುದು ತಪ್ಪಿದರೂ ಫಲ ಬೇರೆಯಾಗುತ್ತದೆ.

ತಪ್ಪಿದ್ದಕ್ಕೂ ಉದಾಹರಣೆ ಇದೆ. 2009ರಲ್ಲಿ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2’ ಬರುವಾಗ, ಕಂಪ್ಯೂಟರಿನಲ್ಲಿ ಆಡುವವರು ತಾವೇ ಸರ್ವರ್ ನಡೆಸುವ ಸೌಲಭ್ಯವನ್ನು ತೆಗೆದುಹಾಕಲಾಯಿತು. ಬಹಿಷ್ಕರಿಸುತ್ತೇವೆಂದು, ಕಂಪ್ಯೂಟರ್ ಗೇಮುಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ದೊಡ್ಡ ಗುಂಪೇ ಕಟ್ಟಿಕೊಂಡಿತು. ಗೇಮ್ ಬಿಡುಗಡೆಯಾದ ದಿನ ಆ ಗುಂಪಿನ ಸದಸ್ಯರ ಪಟ್ಟಿಯನ್ನು ಯಾರೋ ಚಿತ್ರ ತೆಗೆದರು. ಅದರಲ್ಲಿ ಹೆಸರಿನ ಮುಂದೆ ಹೆಸರು, ಬಹುಪಾಲು ಜನ ಅದೇ ಗೇಮ್ ಆಡುತ್ತಿದ್ದರು. ಉತ್ತರ ಅಮೆರಿಕ ಮತ್ತು ಬ್ರಿಟನ್‌ನಲ್ಲಿ ಮೊದಲ ದಿನವೇ ಸುಮಾರು 47 ಲಕ್ಷ ಪ್ರತಿಗಳು ಮಾರಾಟವಾದವು. ಆ ಚಿತ್ರವನ್ನು ಹಿಡಿದು ನಗುವವರನ್ನು ಇವತ್ತಿಗೂ ನೋಡುತ್ತೇನೆ. ನನಗೆ ನಗು ಬರುವುದಿಲ್ಲ. ಆ ಹುಡುಗರ ಗೆಳೆಯರೆಲ್ಲ ಆ ರಾತ್ರಿ ಅದೇ ಗೇಮಿನಲ್ಲಿದ್ದರು. ಕೂಡಿ ಆಡುವ ಆಟವನ್ನು ಬಿಡುವುದೆಂದರೆ ಗೆಳೆಯರ ಗುಂಪನ್ನೇ ಬಿಟ್ಟಂತೆ. ಸೋಪನ್ನೋ ಟೂತ್‌ಪೇಸ್ಟನ್ನೋ ಬದಲಾಯಿಸಿದಷ್ಟು ಸುಲಭವಲ್ಲ ಅದು.

ಇನ್ನು ಕಂಪನಿಯ ಕಡೆಯಿಂದ ನೋಡೋಣ. ಪಬ್ಲಿಷರ್ ಮೇಜಿನ ಮೇಲೆ ಬರುವುದು ಎಷ್ಟು ಪ್ರತಿ ಮಾರಾಟವಾಯಿತು, ಎಷ್ಟು ದುಡ್ಡು ಬಂತು, ದಿನಕ್ಕೆ ಎಷ್ಟು ಮಂದಿ ಆಡಿದರು ಎಂಬ ಲೆಕ್ಕ. ಕೊಂಡವನ ಬಗ್ಗೆ ಅವರಿಗೆ ಎಲ್ಲ ಗೊತ್ತು: ಯಾವ ಊರು, ಎಷ್ಟು ಗಂಟೆ ಆಡಿದ, ಯಾವ ಹಂತದಲ್ಲಿ ಬಿಟ್ಟ. ಕೊಳ್ಳದವನ ಬಗ್ಗೆ ಏನೂ ಗೊತ್ತಿಲ್ಲ. ಆತ ಬೆಲೆ ನೋಡಿ ಬಿಟ್ಟನೋ, ಪರೀಕ್ಷೆ ಇತ್ತೆಂದು ಬಿಟ್ಟನೋ, ಒಳಗೆ ಮತ್ತೆ ದುಡ್ಡು ಕೇಳುತ್ತಾರೆಂಬ ಸಿಟ್ಟಿಗೆ ಬಿಟ್ಟನೋ, ಆ ಲೆಕ್ಕದಲ್ಲಿ ಎಲ್ಲವೂ ಒಂದೇ ಸೊನ್ನೆ. ಮೈಸೂರಿನ ಅಂಗಡಿಯ ನೋಟ್‌ಬುಕ್ಕಿನಂತೆಯೇ ಇದೂ. ಬೇಕೆಂದವರ ಹೆಸರು ಅದರಲ್ಲಿರುತ್ತದೆ. ಬೇಡವೆಂದು ಡಬ್ಬಿಯನ್ನು ಶೆಲ್ಫಿನಲ್ಲಿಟ್ಟು ಹೋದವನ ಹೆಸರು ಎಲ್ಲೂ ಇರುವುದಿಲ್ಲ.

ಹಾಗಾಗಿ ಬೈಗುಳಕ್ಕೂ ಮಾರಾಟಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. 2006ರ ಏಪ್ರಿಲ್‌ನಲ್ಲಿ ಬೆಥೆಸ್ಡಾ ಕಂಪನಿ ‘ಒಬ್ಲಿವಿಯನ್’ ಗೇಮಿನ ಕುದುರೆಗೆ ಹೊದಿಸುವ ಕವಚವೊಂದನ್ನು ಎರಡೂವರೆ ಡಾಲರಿಗೆ ಮಾರಿತು. ಆಟದಲ್ಲಿ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿರಲಿಲ್ಲ. ಕುದುರೆ ಚೆನ್ನಾಗಿ ಕಾಣುತ್ತಿತ್ತು, ಅಷ್ಟೇ. ಜಗತ್ತಿನ ಆಟಗಾರರೆಲ್ಲ ಬೈದರು. ಬೈದವರು ಬೈದರು, ಕೊಂಡವರು ಕೊಂಡರು. ಗೇಮಿನೊಳಗೆ ಚೂರು ಚೂರು ಮಾರುವ ಪದ್ಧತಿ ಅಲ್ಲಿಂದೀಚೆಗೆ ಬೆಳೆಯುತ್ತಲೇ ಹೋಯಿತು. 2025ರಲ್ಲಿ ಅದೇ ಗೇಮ್ ಹೊಸ ರೂಪದಲ್ಲಿ ಬಂದಾಗ, ಹೆಚ್ಚು ಬೆಲೆಯ ಆವೃತ್ತಿಯ ಜೊತೆಗೆ ಕುದುರೆ ಕವಚವೂ ಬಂತು.

ನನ್ನ ಮಾತನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವುದು 2017ರ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’. ಅರವತ್ತು ಡಾಲರ್ ಕೊಟ್ಟು ಕೊಂಡ ಗೇಮಿನಲ್ಲಿ ಡಾರ್ತ್ ವೇಡರ್‌ನಂಥ ಮುಖ್ಯ ಪಾತ್ರಕ್ಕೇ ಬೀಗ. ಬೀಗ ತೆಗೆಯಲು 60,000 ಅಂಕ ಗಳಿಸಬೇಕು, ಅದಕ್ಕೆ ಸುಮಾರು 40 ಗಂಟೆ ಆಡಬೇಕು ಎಂದು ಆಟಗಾರರು ಲೆಕ್ಕ ಹಾಕಿದರು. ಇನ್ನೊಂದು ಕಡೆ ದುಡ್ಡಿಗೆ ಲೂಟ್ ಬಾಕ್ಸ್ ಸಿಗುತ್ತಿತ್ತು. ಲೂಟ್ ಬಾಕ್ಸ್ ಎಂದರೆ ಒಳಗೇನಿದೆ ಎಂದು ತೆರೆಯುವವರೆಗೆ ತಿಳಿಯದ ಪೆಟ್ಟಿಗೆ. ಜಾತ್ರೆಯ ಲಾಟರಿ ಚೀಟಿಯಿದ್ದಂತೆ. ಕಂಪನಿಯಾದ ಇಎ ರೆಡ್ಡಿಟ್‌ನಲ್ಲಿ ಕೊಟ್ಟ ಸಮಜಾಯಿಷಿಗೆ ಆರು ಲಕ್ಷಕ್ಕೂ ಹೆಚ್ಚು ಮಂದಿ ವಿರೋಧದ ಗುರುತು ಒತ್ತಿದರು. ಮೊದಲು ಪಾತ್ರಗಳ ಬೆಲೆ ಮುಕ್ಕಾಲು ಪಾಲು ಇಳಿಯಿತು. ನವೆಂಬರ್ 17ರ ಬಿಡುಗಡೆಯ ಹೊತ್ತಿಗೆ ದುಡ್ಡಿನ ವ್ಯವಹಾರವನ್ನೇ ನಿಲ್ಲಿಸಲಾಯಿತು. ಆ ವರ್ಷದ ಕೊನೆಗೆ ಒಂದು ಕೋಟಿ ಪ್ರತಿ ಮಾರುವ ನಿರೀಕ್ಷೆಯಿದ್ದ ಕಂಪನಿ, 90 ಲಕ್ಷಕ್ಕೆ ನಿಂತಿತೆಂದು ಒಪ್ಪಿಕೊಂಡಿತು. 2018ರ ಮಾರ್ಚಿನಲ್ಲಿ ಇಡೀ ವ್ಯವಸ್ಥೆಯನ್ನೇ ಬದಲಿಸಿ, ಆಟದಲ್ಲಿ ಮೇಲುಗೈ ಕೊಡುವ ಯಾವುದನ್ನೂ ದುಡ್ಡಿಗೆ ಮಾರುವುದಿಲ್ಲ ಎಂದಿತು.

ಇಲ್ಲಿಗೇ ನಿಲ್ಲಿಸಿದರೆ ಗೆದ್ದೆವು ಎನ್ನಬಹುದು. ಆದರೆ ಅದೇ ಕಂಪನಿ ತನ್ನ ಫಿಫಾ ಫುಟ್‌ಬಾಲ್ ಗೇಮಿನಲ್ಲಿ ಆಟಗಾರರ ಚಿತ್ರವಿರುವ ಕಾರ್ಡುಗಳನ್ನು ಅಂಥದೇ ಮುಚ್ಚಿದ ಪ್ಯಾಕ್‌ಗಳಲ್ಲಿ ಮಾರುತ್ತಲೇ ಇತ್ತು. 2021ರ ಮಾರ್ಚಿಗೆ ಮುಗಿದ ಹಣಕಾಸು ವರ್ಷದಲ್ಲಿ ಕಂಪನಿಯ ಕ್ರೀಡಾ ಗೇಮುಗಳಲ್ಲಿ ಇಂಥ ಪ್ಯಾಕ್ ಮಾರುವ ‘ಅಲ್ಟಿಮೇಟ್ ಟೀಮ್’ ವಿಭಾಗಗಳಿಂದ ಬಂದ ಆದಾಯ 162 ಕೋಟಿ ಡಾಲರ್. ಒಂದೇ ಕಂಪನಿ, ಹೆಚ್ಚುಕಡಿಮೆ ಒಂದೇ ವಿದ್ಯೆ. ಒಂದು ಗೇಮಿನಲ್ಲಿ ಜನ ಅದನ್ನು ಒದ್ದರು, ಇನ್ನೊಂದರಲ್ಲಿ ಅದಕ್ಕೆ ದುಡ್ಡು ಸುರಿದರು. ಕಂಪನಿ ಎರಡೂ ಕಡೆ ದುಡ್ಡು ಹೇಳಿದಂತೆ ಕೇಳಿತು. ಆ ಪ್ಯಾಕ್‌ಗಳಿಗೆ ತಡೆ ಬಿದ್ದಿದ್ದು ಬೆಲ್ಜಿಯಂನಲ್ಲಿ. 2018ರಲ್ಲಿ ಅಲ್ಲಿನ ಜೂಜು ನಿಯಂತ್ರಣ ಆಯೋಗ ಇಂಥ ಪೆಟ್ಟಿಗೆಗಳು ಕಾನೂನುಬಾಹಿರ ಜೂಜು ಎಂದು ಹೇಳಿದ ಮೇಲೆ, 2019ರ ಜನವರಿಯಲ್ಲಿ ಆ ದೇಶದಲ್ಲಿ ಮಾತ್ರ, ಪ್ಯಾಕ್ ಕೊಳ್ಳಲು ಬಳಸುವ ಫಿಫಾ ಪಾಯಿಂಟ್‌ಗಳ ಮಾರಾಟ ನಿಂತಿತು.

ಹೀಗೇಕೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ದಾವಣಗೆರೆಯಲ್ಲಿರುವ ತಂಗಿಯ ಮನೆಯಲ್ಲಿ. ಅವಳ ಮಗನಿಗೆ ಹದಿಮೂರು ವರ್ಷ. ಫೋನಿನಲ್ಲಿ ಒಂದು ಕ್ರೀಡೆಯ ಗೇಮ್, ಪುಕ್ಕಟೆಯದು. ಅವನ ಪಕ್ಕ ಕೂತು ನೋಡಿದೆ. ಪರದೆಯ ಮೇಲೆ ಹೊಳೆಯುವ ಪ್ಯಾಕ್. ಬೆರಳು ಒತ್ತಿದ ಕೂಡಲೇ ಅದು ನಡುಗಿತು, ಅಂಚಿನಿಂದ ಬಂಗಾರದ ಬಣ್ಣದ ಬೆಳಕು ಸೋರಿತು, ಹಿಂದೆ ಡೋಲಿನ ಸದ್ದು ಏರುತ್ತಾ ಹೋಯಿತು. ಕಾರ್ಡು ತಿರುಗುವ ಮೊದಲು ಒಂದು ಕ್ಷಣ ಎಲ್ಲ ಸ್ತಬ್ಧ. ಆ ಒಂದು ಕ್ಷಣ ಹುಡುಗ ಉಸಿರು ಬಿಗಿಹಿಡಿದಿದ್ದ. ಬಂದದ್ದು ಅವನ ಹತ್ತಿರ ಆಗಲೇ ಇದ್ದ ಆಟಗಾರನೇ. ಕೆಳಗೆ ಮತ್ತೊಂದು ಪ್ಯಾಕ್, 89 ರೂಪಾಯಿ, ಪಕ್ಕದಲ್ಲಿ ಇಳಿಯುತ್ತಿರುವ ಗಡಿಯಾರ. “ಮಾಮ, ಇನ್ನೊಂದೇ ಒಂದು” ಎಂದ. ಆ ತಿಂಗಳು ಹೀಗೆ ಒಂದೊಂದೇ ಸೇರಿ ಎರಡು ಸಾವಿರ ದಾಟಿತ್ತೆಂದು ತಂಗಿ ಆಮೇಲೆ ಹೇಳಿದಳು. ಹನಿಹನಿಗೂಡಿದರೆ ಹಳ್ಳ ಎಂಬುದನ್ನು ನಮ್ಮ ಹಿರಿಯರು ಉಳಿತಾಯದ ಪಾಠವಾಗಿ ಹೇಳುತ್ತಿದ್ದರು. ಆ ಮನೆಯಲ್ಲಿ ಹನಿ ನಮ್ಮದು, ಹಳ್ಳ ಇನ್ನೊಬ್ಬರದು ಆಗಿತ್ತು.

ಅವನ ತರಗತಿಯ ಉಳಿದ ಹುಡುಗರು ಆ ಗೇಮಿಗೆ ಒಂದು ರೂಪಾಯಿಯನ್ನೂ ಹಾಕಿಲ್ಲ. ಆದರೂ ಕಂಪನಿಗೆ ನಷ್ಟವೇನೂ ಇಲ್ಲ. ಸ್ವರ್ವ್ ಎಂಬ ಸಂಸ್ಥೆ 2014ರಲ್ಲಿ ಹೊರತಂದ ವರದಿಯೊಂದು ಮೊಬೈಲ್ ಗೇಮುಗಳೊಳಗಿನ ಆದಾಯದ ಅರ್ಧ ಭಾಗ ಕೇವಲ ಶೇ. 0.15ರಷ್ಟು ಆಟಗಾರರಿಂದ ಬರುತ್ತಿದೆ ಎಂದು ಲೆಕ್ಕ ಕೊಟ್ಟಿತ್ತು. ಸಾವಿರ ಮಂದಿಯಲ್ಲಿ ಇಬ್ಬರೂ ಇಲ್ಲ! ದುಡ್ಡು ಹಾಕುವುದೆಂದರೆ ಓಟು ಹಾಕಿದಂತೆ ಎನ್ನುತ್ತಾರೆ. ಚುನಾವಣೆಯಲ್ಲಿ ಒಬ್ಬರಿಗೆ ಒಂದು ಓಟು. ಇಲ್ಲಿ ಒಂದು ರೂಪಾಯಿಗೆ ಒಂದು ಓಟು. 998 ಮಂದಿ ಬೇಡವೆಂದರೂ ಉಳಿದವರ ದುಡ್ಡಿನಿಂದ ಫಲಿತಾಂಶ ನಿರ್ಧಾರವಾಗುತ್ತದೆ. ಆ ಕೆಲವರೆಲ್ಲ ಸಾಹುಕಾರರು ಎಂದುಕೊಳ್ಳಬೇಡಿ. ಅವರಲ್ಲಿ ಕೈ ತಡೆಯಲಾರದವರಿದ್ದಾರೆ, ಅಪ್ಪನ ಪಿನ್ ತಿಳಿದುಕೊಂಡ ಮಕ್ಕಳಿದ್ದಾರೆ. ಇಂಥ ಕಡೆ “ಇಷ್ಟವಿಲ್ಲದಿದ್ದರೆ ಕೊಳ್ಳಬೇಡಿ” ಎಂಬ ಮಾತು ಸಾಲದು. ಮಕ್ಕಳಿಗೆ ಮುಚ್ಚಿದ ಪೆಟ್ಟಿಗೆ ಮಾರುವುದನ್ನು ತಡೆಯುವುದು ಕಾನೂನಿನ ಕೆಲಸ ಎಂದು ನಾನು ಬಲವಾಗಿ ನಂಬುತ್ತೇನೆ. ಪುಕ್ಕಟೆ ಗೇಮಿನಲ್ಲಿ ದುಡ್ಡು ಹಾಕದವರ ಕೈಯಲ್ಲಿ ಒಂದೇ ಅಸ್ತ್ರ ಉಳಿಯುತ್ತದೆ: ಆಡುವುದನ್ನೇ ಬಿಡುವುದು. ದುಡ್ಡು ಹಾಕುವವನಿಗೆ ಎದುರಾಳಿಗಳು ಬೇಕು, ಜಾಹೀರಾತಿಗೆ ಕಣ್ಣುಗಳು ಬೇಕು. ಆ ಸಮಯವನ್ನು ವಾಪಸ್ ತೆಗೆದುಕೊಂಡರೆ ಕಂಪನಿಯ ದಿನದ ಲೆಕ್ಕದಲ್ಲಿ ಅದು ಕಾಣಿಸುತ್ತದೆ.

ಕೊಳ್ಳುವವರ ಬಲವನ್ನು ನಿಜವಾಗಿ ಹೆಚ್ಚಿಸಿದ್ದು ರಿಫಂಡ್. 2015ರ ಜೂನ್‌ನಲ್ಲಿ ಸ್ಟೀಮ್ ಒಂದು ನಿಯಮ ತಂದಿತು: ಕೊಂಡು 14 ದಿನದೊಳಗಾಗಿದ್ದು, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್. ಮೂರು ವಾರದಲ್ಲೇ ಅದಕ್ಕೆ ಪರೀಕ್ಷೆ ಎದುರಾಯಿತು. ‘ಬ್ಯಾಟ್‌ಮ್ಯಾನ್: ಅರ್ಕಮ್ ನೈಟ್’ ಗೇಮಿನ ಕಂಪ್ಯೂಟರ್ ಆವೃತ್ತಿ ತೆವಳುತ್ತಾ, ನಿಲ್ಲುತ್ತಾ ಬಂತು, ಜನ ರಾಶಿ ರಾಶಿಯಾಗಿ ದುಡ್ಡು ವಾಪಸ್ ಕೇಳಿದರು, ಬಿಡುಗಡೆಯಾದ ಒಂದೆರಡು ದಿನದಲ್ಲೇ ವಾರ್ನರ್ ಬ್ರದರ್ಸ್ ಮಾರಾಟ ನಿಲ್ಲಿಸಿತು. ಮತ್ತೆ ಮಾರಾಟ ಶುರುವಾಗಿದ್ದು ಅಕ್ಟೋಬರ್‌ನಲ್ಲಿ. 2020ರ ಡಿಸೆಂಬರ್‌ನಲ್ಲಿ ‘ಸೈಬರ್‌ಪಂಕ್ 2077’ ಹಳೆಯ ಕನ್ಸೋಲ್‌ಗಳಲ್ಲಿ ಸರಿಯಾಗಿ ಓಡದಿದ್ದಾಗ ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆದು ದುಡ್ಡು ಹಿಂದಿರುಗಿಸಿತು. ಆರು ತಿಂಗಳ ನಂತರವೇ ಅದಕ್ಕೆ ಮತ್ತೆ ಜಾಗ ಸಿಕ್ಕಿದ್ದು. ಎಲ್ಲರ ಎದುರು ಬರೆದ ದೂರಿಗೂ ಇಂಥದೇ ಬಲವಿದೆ. 2024ರ ಮೇ ತಿಂಗಳಲ್ಲಿ ‘ಹೆಲ್‌ಡೈವರ್ಸ್ 2’ ಆಡಲು ಪ್ಲೇಸ್ಟೇಷನ್ ಖಾತೆ ಕಡ್ಡಾಯ ಎಂದು ಸೋನಿ ಹೇಳಿದಾಗ, ಎರಡು ಲಕ್ಷಕ್ಕೂ ಹೆಚ್ಚು ಮಂದಿ ಸ್ಟೀಮ್‌ನಲ್ಲಿ ಪ್ರತಿಕೂಲ ವಿಮರ್ಶೆ ಬರೆದರು. ಮೂರೇ ದಿನದಲ್ಲಿ ಆ ಆದೇಶ ಹಿಂದೆ ಹೋಯಿತು.

ಕೊಳ್ಳದೆ ಇರುವುದು ಮೌನ, ರಿಫಂಡ್ ಹಾಗಲ್ಲ. ದುಡ್ಡು ವಾಪಸ್ ಕೇಳುವಾಗ ಕಾರಣ ಬರೆಯಲು ಒಂದು ಜಾಗ ಇರುತ್ತದೆ. ಬಂದ ದುಡ್ಡು ಕಾರಣ ಹೇಳಿ ಹೊರಟರೆ ಯಾವ ಕಂಪನಿಯೂ ಅದನ್ನು ಕೇಳಿಸಿಕೊಳ್ಳದೆ ಇರಲಾರದು. ಈ ವಿಷಯದಲ್ಲಿ ನನಗೂ ಒಂದು ಪೆಟ್ಟು ಬಿದ್ದಿದೆ. ಕೆಲವು ವರ್ಷಗಳ ಹಿಂದೆ ಬಹಳ ಆಸೆಯಿಂದ ಒಂದು ಗೇಮನ್ನು ಎರಡು ತಿಂಗಳ ಮೊದಲೇ ಪೂರ್ತಿ ದುಡ್ಡು ಕಟ್ಟಿ ಕಾದಿರಿಸಿದ್ದೆ. ಬಂದ ದಿನ ರಾತ್ರಿ ಊಟ ಮುಗಿಸಿ ಕೂತರೆ ಹತ್ತು ನಿಮಿಷಕ್ಕೊಮ್ಮೆ ನಿಂತುಹೋಗುತ್ತಿತ್ತು. ನನ್ನ ಕಂಪ್ಯೂಟರಿನದೇ ದೋಷವಿರಬೇಕೆಂದು ಸೆಟ್ಟಿಂಗ್‌ಗಳನ್ನು ಬದಲಾಯಿಸುತ್ತಾ, ಮತ್ತೆ ಮತ್ತೆ ತೆರೆಯುತ್ತಾ ಕೂತೆ. ಅಷ್ಟರಲ್ಲಿ ಎರಡು ಗಂಟೆಯ ಗಡುವು ಮುಗಿದುಹೋಗಿತ್ತು. ಆಮೇಲೆ ಎಷ್ಟು ಬರೆದರೂ ದುಡ್ಡು ಬರಲಿಲ್ಲ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಅಂದಿನಿಂದ ಪ್ರೀ-ಆರ್ಡರ್ ಮಾಡಿಲ್ಲ. ಡಿಜಿಟಲ್ ಗೇಮ್ ಖಾಲಿಯಾಗುವ ಸಾಮಾನಲ್ಲ, ಎರಡು ವಾರ ತಡೆದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಆದರೂ ಯಾವ ಕೊಳ್ಳುವಿಕೆಗೂ, ಯಾವ ರಿಫಂಡ್‌ಗೂ ಮುಟ್ಟಲಾಗದ ಒಂದು ಜಾಗವಿದೆ: ಕೊಂಡು ವರ್ಷಗಳಾದ ಮೇಲೆ ಆಗುವಂಥದ್ದು. 2014ರ ಡಿಸೆಂಬರ್‌ನಲ್ಲಿ ಬಂದ ಯೂಬಿಸಾಫ್ಟ್‌ನ ‘ದಿ ಕ್ರ್ಯೂ’ ಎಂಬ ಕಾರ್ ರೇಸಿನ ಗೇಮಿನ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ಮುಚ್ಚಲಾಯಿತು. ಆಗ ಒಬ್ಬರೇ ಕೂತು ಆಡಲೂ ಸಾಧ್ಯವಾಗದಂತಾಯಿತು. ಕಪಾಟಿನಲ್ಲಿದ್ದ ಡಿಸ್ಕ್ ಬರೀ ಪ್ಲಾಸ್ಟಿಕ್ ಆಯಿತು. ಹತ್ತು ವರ್ಷದ ಹಿಂದೆ ಕೊಟ್ಟ ದುಡ್ಡನ್ನು ಇವತ್ತು ತಡೆಹಿಡಿಯುವುದು ಹೇಗೆ? ಅದಕ್ಕೇ ರಾಸ್ ಸ್ಕಾಟ್ ಎಂಬುವರು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿ ಶುರು ಮಾಡಿದರು. ಅದರ ಬೆಂಬಲಕ್ಕೆ ನಿಂತ ಯುರೋಪಿನ ನಾಗರಿಕರ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಮೀರಿ ಸಹಿ ಬಿತ್ತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ನೀವು ಕೊಳ್ಳುತ್ತಿರುವುದು ಗೇಮನ್ನಲ್ಲ, ಆಡುವ ಪರವಾನಗಿಯನ್ನು ಎಂದು ಡಿಜಿಟಲ್ ಅಂಗಡಿಗಳು ಮೊದಲೇ ತಿಳಿಸಬೇಕು. ಅಲ್ಲೆಲ್ಲ ಗಿರಾಕಿಗಳು ಗಿರಾಕಿಗಳಾಗಿ ಉಳಿಯದೆ ನಾಗರಿಕರಾದರು.

ಕೊಳ್ಳದಿರುವುದಕ್ಕೂ ಒಂದು ಬೆಲೆಯಿದೆ ಎಂಬುದನ್ನು ಮರೆಯಬಾರದು. ಸೋನಿಯ ‘ಕಾಂಕಾರ್ಡ್’ 2024ರ ಆಗಸ್ಟ್ 23ರಂದು ಬಂತು. ಕೊಂಡವರೇ ಇಲ್ಲವೆನ್ನುವಷ್ಟು ಕಡಿಮೆ ಮಂದಿ. ಎರಡೇ ವಾರದಲ್ಲಿ ಎಲ್ಲರ ದುಡ್ಡನ್ನೂ ವಾಪಸ್ ಕೊಟ್ಟು ಗೇಮನ್ನೇ ನಿಲ್ಲಿಸಿದರು. ಅಕ್ಟೋಬರ್‌ನಲ್ಲಿ ಅದನ್ನು ಮಾಡಿದ ಸ್ಟುಡಿಯೋ ಕೂಡ ಮುಚ್ಚಿತು. ಅಲ್ಲಿ ವರ್ಷಗಟ್ಟಲೆ ಕೂತು ಚಿತ್ರ ಬರೆದವರು, ಕೋಡ್ ಬರೆದವರು ಕೆಲಸ ಕಳೆದುಕೊಂಡರು. ಇದು ನಮಗೆ ದೂರದ ಮಾತಲ್ಲ. 1997ರಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಬೆಂಗಳೂರಿನಲ್ಲಿ ಶುರುವಾದ ಕಾಲದಿಂದ ನಮ್ಮ ಹುಡುಗ ಹುಡುಗಿಯರು ದೂರದೇಶದ ದೊಡ್ಡ ಗೇಮುಗಳಿಗಾಗಿ ಕಾರು, ಮರ, ಕಟ್ಟಡಗಳನ್ನು ರೂಪಿಸುತ್ತಾ ಬಂದಿದ್ದಾರೆ. ಗೇಮಿನೊಳಗೆ ಎಷ್ಟು ದುಡ್ಡು ಕೇಳಬೇಕೆಂದು ತೀರ್ಮಾನಿಸುವವರು ಅವರಲ್ಲ. ಹಾಗಾಗಿ ಸಿಟ್ಟು ಮಾಡಿದರೆ ಯಾವುದರ ಮೇಲೆ ಎಂದು ಬಿಡಿಸಿ ಹೇಳಬೇಕು. ಕೆಲಸ ಚೆನ್ನಾಗಿದೆ, ಮಾರುವ ರೀತಿ ಬೇಡ ಎಂದು ಹೇಳಲು ನಮಗೆ ಬಾಯಿದೆ.

ಒಳ್ಳೆಯದನ್ನು ಕೊಳ್ಳುವುದೂ ಅಷ್ಟೇ ದೊಡ್ಡ ಮಾತು. 2023ರ ಆಗಸ್ಟ್‌ನಲ್ಲಿ ಬಂದ ಲಾರಿಯನ್ ಸ್ಟುಡಿಯೋದ ‘ಬಾಲ್ಡರ್ಸ್ ಗೇಟ್ 3’ ಗೇಮಿನೊಳಗೆ ನಿಜವಾದ ದುಡ್ಡು ಕೇಳುವ ಯಾವ ಅಂಗಡಿಯೂ ಇರಲಿಲ್ಲ. ಒಮ್ಮೆ ಕೊಂಡರೆ ಮುಗಿಯಿತು. ಜನ ಅದನ್ನು ಮುಗಿಬಿದ್ದು ಕೊಂಡರು. ಹೀಗೂ ಬದುಕಬಹುದು ಎಂದು ಇಡೀ ಉದ್ಯಮಕ್ಕೆ ಅದು ತೋರಿಸಿತು. 2025ರಲ್ಲಿ ‘ದಿ ಔಟರ್ ವರ್ಲ್ಡ್ಸ್ 2’ ಗೇಮಿಗೆ 80 ಡಾಲರ್ ಎಂದು ಹೇಳಿದ್ದ ಮೈಕ್ರೋಸಾಫ್ಟ್, ಬಿಡುಗಡೆಗೆ ಮೊದಲೇ 70ಕ್ಕೆ ಇಳಿಯಿತು. ಮತ್ತೆ ಅದೇ ಪಾಠ: ದುಡ್ಡು ಇನ್ನೂ ಜನರ ಕೈಯಲ್ಲಿತ್ತು.

ಇಷ್ಟೆಲ್ಲವನ್ನೂ ಅಂದು ಅಂಗಡಿಯಲ್ಲಿ ಆ ಹುಡುಗನಿಗೆ ಹೇಳಲು ಆಗಲಿಲ್ಲ. ಅರ್ಧ ಹೇಳುವಷ್ಟರಲ್ಲಿ ಅಂಗಡಿಯವರೇ ಬಾಯಿ ಹಾಕಿದರು. “ಹೋದ ವರ್ಷ ಒಂದು ಗೇಮ್ ತರಿಸಿದ್ದೆ ಸರ್. ಒಂದೇ ವಾರದಲ್ಲಿ ಆರು ಜನ ವಾಪಸ್ ತಂದ್ರು. ಆರು ಜನಾನೂ ಒಂದೇ ದೂರು. ಆ ಕಂಪನಿದು ಈಗ ಆರ್ಡರ್ ಬಂದ್ರೆ ಮಾತ್ರ ತರಿಸ್ತೀನಿ.” ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಗಲ್ಲಾಪೆಟ್ಟಿಗೆಯ ಪಕ್ಕದ ಆ ನೋಟ್‌ಬುಕ್ ತೋರಿಸಿ, “ಅಣ್ಣ, ನಂಗೆ ಆ ಗೇಮ್ ಯಾಕೆ ಬೇಡ ಅಂತಾನೂ ಅದರಲ್ಲಿ ಬರ್ಕೊಳ್ಳಿ” ಎಂದ. ಅಂಗಡಿಯವರು ಪೆನ್ನು ತೆಗೆದು, ಬೇಕೆಂದವರ ಪಟ್ಟಿಯನ್ನು ದಾಟಿ, ಕೊನೆಯ ಹಾಳೆ ತಿರುಗಿಸಿ, “ಹೇಳಪ್ಪ” ಎಂದರು.